ಸ್ನೇಹಿತರೊಬ್ಬರ ರೇಡಿಯೋ

ಸಹಕಾರನಗರದ ನಾಗಭೂಷಣ ತನ್ನ ಮನೆಯ ತಾರಸಿಯ ಮೇಲೆ ನಿಂತು ಸ್ಕ್ರೂಡ್ರೈವರ್ ಎತ್ತಿ ತೋರಿಸಿದರೆ ಸಾಕು, ಹೆಬ್ಬಾಳದ ಫ್ಲೈಓವರ್ ಮೇಲೆ ಹೋಗುತ್ತಿರುವ ನಾಲ್ಕು ಸಾವಿರ ಕಾರುಗಳ ರೇಡಿಯೋಗಳು ತಾವಾಗಿಯೇ ಸ್ಟೇಷನ್ ಹಿಡಿದುಕೊಳ್ಳುತ್ತಿದ್ದವು. ದೇವನಹಳ್ಳಿಯಲ್ಲಿ ಇಳಿಯಬೇಕಾದ ವಿಮಾನಗಳ ಪೈಲಟ್ಟುಗಳು ಕೊಡಿಗೇಹಳ್ಳಿಯ ನೆತ್ತಿಗೆ ಬಂದಾಗ ಒಂದು ಸುತ್ತು ಹೆಚ್ಚಿಗೆ ಹೊಡೆದು, "ಭೂಷಣ್ ಸಾರ್, ನಮ್ ಸೆಟ್ಟಲ್ಲಿ ಸ್ವಲ್ಪ ಗೊರಗೊರ ಅಂತಿದೆ, ಏನ್ಮಾಡೋಣ?" ಅಂತ ಕೇಳಿ, ಉತ್ತರ ಪಡೆದು, ಆಮೇಲೆ ಇಳಿಯುತ್ತಿದ್ದರು. ಸಾಕ್ಷಿ ಬೇಕಾದರೆ ಪೈಲಟ್ಟುಗಳನ್ನೇ ಕೇಳಿ. ಅವರು ಇಲ್ಲ ಅಂದರೆ ಇಂಜಿನ್ ಸದ್ದಿನಲ್ಲಿ ಮರೆತಿದ್ದಾರೆ ಅಂತ ತಿಳಿದುಕೊಳ್ಳಿ.

ಇಂಥ ಮಹಾನುಭಾವನ ಕೈಗೂ ಎರಡು ಸಾವಿರದ ಹನ್ನೊಂದರ ಬೇಸಿಗೆಯಲ್ಲಿ ಒಂದು ರೇಡಿಯೋ ಬಗ್ಗದೆ ಕೂತಿತು. ಅದನ್ನು ಹೇಳುತ್ತೇನೆ. ನಾನು ಎಲ್ಲವನ್ನೂ ತೀರಾ ಹತ್ತಿರದಿಂದ ನೋಡಿದವನು. ಎಷ್ಟು ಹತ್ತಿರ ಅಂತ ಮಾತ್ರ ಕೇಳಬೇಡಿ.

ನಾಗಭೂಷಣ ಹೊಟ್ಟೆಪಾಡಿಗೆ ಬಸ್ ಡಿಪೋ ಒಂದರಲ್ಲಿ ಟೈಂ ಕೀಪರ್. ಯಾವ ಬಸ್ಸು ಎಷ್ಟು ನಿಮಿಷ ತಡ ಅಂತ ಪುಸ್ತಕದಲ್ಲಿ ಬರೆಯುವುದು ಕೆಲಸ. ಬೆಳಗ್ಗೆಯಿಂದ ಸಂಜೆಯವರೆಗೆ ಬೇರೆಯವರ ತಪ್ಪು ಬರೆದೂ ಬರೆದೂ, ತನ್ನ ತಪ್ಪು ಬರೆಯುವ ಹೊತ್ತಿಗೆ ಪೆನ್ನಿನಲ್ಲಿ ಇಂಕು ಉಳಿಯುತ್ತಿರಲಿಲ್ಲ. ಹೆಂಡತಿ ರಾಧಾಮಣಿ ಚಿಕ್ಕಜಾಲದವಳು. ಆ ಚಿಕ್ಕಜಾಲದ ಮಾವನ ಮನೆಯಲ್ಲಿ, ಒಂದು ಭಾನುವಾರ, ಮುದ್ದೆ ಬಸ್ಸಾರಿನ ಊಟಕ್ಕೆ ಕೂತಿದ್ದಾಗ ಶುರುವಾಯಿತು ನೋಡಿ.

ಮಾವ ಚಿಕ್ಕಮುನಿಯಪ್ಪ ಒಂದು ಕಾಗದ ತಂದು ಅಳಿಯನ ಮುಂದೆ ಹಿಡಿದರು. ರೇಡಿಯೋ ಸ್ಟೇಷನ್ನಿನಿಂದ ಬಂದದ್ದು. ಹಳೆಯ ಧ್ವನಿಮುದ್ರಣಗಳನ್ನು ಹುಡುಕಿ ಮತ್ತೆ ಪ್ರಸಾರ ಮಾಡುತ್ತಿದ್ದೇವೆ; ಮೂವತ್ಮೂರು ವರ್ಷದ ಹಿಂದೆ ಶ್ರೀಮತಿ ಮುನಿಗಂಗಮ್ಮನವರು ಹಾಡಿದ ಸೋಬಾನೆ ಪದವನ್ನು ಮುಂದಿನ ತಿಂಗಳ ಮೊದಲ ಭಾನುವಾರ ಬೆಳಗ್ಗೆ ಒಂಬತ್ತೂವರೆಗೆ ಕೇಳಿ ಅಂತ ಬರೆದಿತ್ತು.

"ಅತ್ತೆ, ನೀವು ರೇಡಿಯೋದಲ್ಲಿ ಹಾಡಿದ್ರಾ?" ಅಂದ ನಾಗಭೂಷಣ, ಬಾಯಲ್ಲಿದ್ದ ಮುದ್ದೆ ನುಂಗದೆಯೇ.

ಅತ್ತೆ ಮುನಿಗಂಗಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ಅಡುಗೆಮನೆ ಕಡೆ ತಿರುಗಿದರು. ಮಾವನೇ ಹೇಳಿದರು. "ಯೋಳಿದ್ಲು ಅಳಿಯಂದ್ರೆ. ಪದ ಯೋಳಾಕೆ ಜೀಪಲ್ಲಿ ಕರ್ಕೊಂಡೋಗಿದ್ರು. ರೇಡಿಯೋದಲ್ಲಿ ಬರೋ ದಿನ ಇಡೀ ಊರು ನಮ್ ಪಡಸಾಲೇಲಿ. ಮೊದಲ್ನೇ ಪದ ಬೇರೇರ್ದು. ಎಲ್ಡನೇದು ಇವಳ್ದು. 'ಈಗ ಚಿಕ್ಕಜಾಲದ ಮುನಿಗಂಗಮ್ಮ' ಅಂದ್ನಲ್ಲಪ್ಪ ಆ ವಯ್ಯ, ಅಂದಿದ್ದೇ ತಡ, ಕರೆಂಟು ಓಯ್ತು. ಬರೋ ಒತ್ಗೆ ರೈತರಿಗೆ ಸಲಹೆ ಬರ್ತಿತ್ತು."

"ಅಂದ್ರೆ ಅತ್ತೆ ಅವರ ಹಾಡು ಅವರೇ ಕೇಳಿಲ್ವಾ?"

"ಎಲ್ಲಿ ಕೇಳಿದ್ಲು? ಮೂವತ್ಮೂರು ವರ್ಸ ಆಯ್ತು. ಇವಳ ದನಿ ಯಂಗೈತೆ ಅಂತ ಇವಳ್ಗೇ ಗೊತ್ತಿಲ್ಲ."

ಪಡಸಾಲೆಯ ಮೂಲೆಯಲ್ಲಿ ಆ ರೇಡಿಯೋ ಈಗಲೂ ಇತ್ತು. ಕರುವಿನಷ್ಟು ಗಾತ್ರದ ಮರದ ಪೆಟ್ಟಿಗೆ, ಮೇಲೆ ಕಸೂತಿ ಬಟ್ಟೆ. ಒಳಗೆ ಟ್ರಾನ್ಸಿಸ್ಟರು ಗಿನ್ಸಿಸ್ಟರು ಇಲ್ಲ, ವಾಲ್ವಿನ ಕಾಲದ್ದು. ವಾಲ್ವು ಅಂದರೆ ಬಲ್ಬಿನ ತಮ್ಮನ ಹಾಗಿರುವ ಗಾಜಿನ ಬುರುಡೆ. ಅಂಥವು ಐದು ಕೆಂಪಗೆ ಕಾದ ಮೇಲೆ ಪೆಟ್ಟಿಗೆ ಬಾಯಿ ಬಿಡುತ್ತಿತ್ತು. ಸ್ಟೇಷನ್ ಸರಿಯಾಗಿಯೇ ಬರುತ್ತಿತ್ತು, ನಡುನಡುವೆ ಮಾತ್ರ ಕಡಲೆ ಹುರಿದ ಹಾಗೆ ಚಟಪಟ ಸದ್ದು.

"ಬೇರೆ ರೇಡಿಯೋ ತರ್ಲಾ ಅಪ್ಪ?" ಅಂದಳು ರಾಧಾಮಣಿ.

"ಬ್ಯಾಡ. ಅವತ್ತು ಯಾವುದ್ರೊಳಗೆ ನಿಂತೋಯ್ತೋ ಅದ್ರೊಳಗಿಂದ್ಲೇ ಬರ್ಬೇಕು ಅವಳ ದನಿ. ಒಂಚೂರು ಚಟಪಟ ಅಂತದೆ, ಅಷ್ಟೇ ತಾನೆ?"

ಇಲ್ಲಿ ನಾಗಭೂಷಣ ಸುಮ್ಮನೆ ಇನ್ನೊಂದು ಮುದ್ದೆ ಹಾಕಿಸಿಕೊಂಡಿದ್ದರೆ ಕಥೆಯೇ ಇರುತ್ತಿರಲಿಲ್ಲ. ಅವನು ಕೈ ತೊಳೆದು, ರೇಡಿಯೋದ ನೆತ್ತಿಯನ್ನು ಡಾಕ್ಟರ ಹಾಗೆ ಎರಡು ಸಲ ತಟ್ಟಿ, "ಮಾವ, ಇದನ್ನ ನನಗೆ ಬಿಡಿ. ಡಿಪೋದಲ್ಲಿ ನನಗೆ ರೇಡಿಯೋ ಭೂಷಣ ಅಂತಾನೇ ಹೆಸರು" ಅಂದುಬಿಟ್ಟ.

"ನಂಗೆ ಗೊತ್ತಿಲ್ದೆ ಯಾವಾಗ ಇಟ್ರು ಆ ಹೆಸರು?" ಅಂದಳು ರಾಧಾಮಣಿ.

"ನಿನಗೆಲ್ಲಾ ಹೇಳ್ಕೊಂಡು ತಿರುಗಕ್ಕಾಗುತ್ತಾ?"

ರೇಡಿಯೋ ಗೂಡ್ಸ್ ಆಟೋದಲ್ಲಿ, ಎರಡು ದಿಂಬಿನ ನಡುವೆ, ಮದುಮಗಳ ಹಾಗೆ ಸಹಕಾರನಗರಕ್ಕೆ ಬಂತು.

ಅವನು ಅದನ್ನು ಬಿಚ್ಚಿದ್ದು ಶುಕ್ರವಾರ, ಡಿಪೋಗೆ ರಜೆ ಹಾಕಿ. ಹಿಂದಿನ ಹಲಗೆ ತೆಗೆದರೆ ಒಳಗೆ ನಲವತ್ತು ವರ್ಷದ ಧೂಳು. ಐದು ವಾಲ್ವೂ ಮಸಿ ಹಿಡಿದು ಕೂತಿದ್ದವು. ಮೆಲ್ಲಗೆ ಎಳೆದ, ಬಂದವು. ಐದನ್ನೂ ಹಿಡಿದುಕೊಂಡು ಹಿತ್ತಲಿಗೆ ಹೋದರೆ ಅಲ್ಲಿ ರಾಧಾಮಣಿ ಶುಕ್ರವಾರದ ಪದ್ಧತಿಯಂತೆ ದೀಪದ ಕಂಬ, ಪಂಚಪಾತ್ರೆ, ಗಂಟೆ ಎಲ್ಲ ಹರಡಿಕೊಂಡು ಹುಣಸೇಹಣ್ಣು ಹಾಕಿ ಉಜ್ಜುತ್ತಿದ್ದಳು. ಹಿತ್ತಾಳೆ ಬಂಗಾರದ ಹಾಗೆ ಹೊಳೆಯುತ್ತಿತ್ತು. ಅಷ್ಟರಲ್ಲಿ ಕುಕ್ಕರ್ ಕೂಗಿತು, ಅವಳು ಒಳಗೆ ಹೋದಳು. ಹುಣಸೇಹಣ್ಣು ಅಲ್ಲೇ ಇತ್ತು. ವಾಲ್ವುಗಳು ಕೈಯಲ್ಲೇ ಇದ್ದವು.

ಮುಂದಿನದನ್ನು ನನ್ನ ಬಾಯಲ್ಲಿ ಹೇಳಿಸಬೇಡಿ.

ರಾಧಾಮಣಿ ವಾಪಸ್ ಬಂದಾಗ ದೀಪದ ಕಂಬದ ಪಕ್ಕದಲ್ಲಿ ಐದು ವಾಲ್ವುಗಳು ವಜ್ರದ ಹಾಗೆ ಮಿನುಗುತ್ತಿದ್ದವು. ಒಂದರ ಮೇಲೂ ಒಂದಕ್ಷರ ಇರಲಿಲ್ಲ.

"ರೀ, ಇದರ ಮೇಲೆ ಬಿಳೀ ಅಕ್ಷರದಲ್ಲಿ ನಂಬರ್ ಇರ್ತಿತ್ತಲ್ವಾ?"

"ಇತ್ತು. ಕೊಳೆ ಅಂದ್ಕೊಂಡೆ."

"ಯಾವುದು ಎಲ್ಲಿ ಕೂತಿತ್ತು ಅಂತ ಬರ್ಕೊಂಡಿದೀರಾ?"

ಹದಿನೆಂಟು ವರ್ಷದಿಂದ ಎಲ್ಲ ಬಸ್ಸುಗಳ ನಂಬರನ್ನೂ ಬರೆದುಕೊಂಡವನು ಈ ಐದನ್ನು ಬರೆದುಕೊಂಡಿರಲಿಲ್ಲ. ಐದು ತೂತು, ಐದು ವಾಲ್ವು. ಎಲ್ಲಕ್ಕೂ ಒಂದೇ ಥರದ ಕಾಲು, ಯಾವುದು ಬೇಕಾದರೂ ಎಲ್ಲಿ ಬೇಕಾದರೂ ಕೂರುತ್ತದೆ. ತಪ್ಪು ಜಾಗದಲ್ಲಿ ಕೂರಿಸಿ ಸ್ವಿಚ್ ಹಾಕಿದರೆ ಢಂ ಅನ್ನುತ್ತದೆ ಅನ್ನುವಷ್ಟು ಮಾತ್ರ ಅವನಿಗೂ ಗೊತ್ತಿತ್ತು. ಪ್ರಸಾರಕ್ಕೆ ಇನ್ನು ಒಂಬತ್ತೇ ದಿನ.

ರಾಧಾಮಣಿ ಐದನ್ನೂ ಒರೆಸಿ, ಹಿತ್ತಾಳೆ ತಟ್ಟೆಯಲ್ಲಿ ಜೋಡಿಸಿ, ದೇವರ ಮನೆಯಲ್ಲಿಟ್ಟು ಬಂದಳು. "ಇನ್ನು ಅವನೇ ನೋಡ್ಕೋಬೇಕು" ಅಂದಳು.

ಶನಿವಾರ ನಾಗಭೂಷಣ ಮನೆಯ ಕಂಪ್ಯೂಟರಿನ ಮುಂದೆ ಕೂತು ಹುಡುಕಿದಾಗ ಸಿಕ್ಕಿದ್ದು 'ಹಳೇ ರೇಡಿಯೋ ಬಳಗ' ಅನ್ನುವ ಅಂತರ್ಜಾಲದ ಕೂಟ. ವಾಲ್ವ್ ರೇಡಿಯೋ ಹುಚ್ಚಿನವರು ಅಲ್ಲಿ ಸೇರಿ ಒಬ್ಬರಿಗೊಬ್ಬರು ರಿಪೇರಿ ಹೇಳಿಕೊಡುತ್ತಿದ್ದರು. ಸೇರುವ ಮೊದಲು ಎಂಟು ನಿಯಮ ಓದಬೇಕಿತ್ತು. ನಾಗಭೂಷಣ ಓದಲಿಲ್ಲ, ಕೆಳಗೆ 'ಓದಿ ಒಪ್ಪಿದ್ದೇನೆ' ಅನ್ನುವ ಕಡೆ ಒತ್ತಿದ. ಅವನು ಓದದಿದ್ದರೆ ಏನಂತೆ, ನಾವು ಮುಖ್ಯವಾದ ಮೂರನ್ನು ಓದೋಣ.

ನಿಯಮ ನಾಲ್ಕು: ರೇಡಿಯೋ ಕೆಡುವ ಮೊದಲು ಕೊನೆಯದಾಗಿ ನೀವೇನು ಮಾಡಿದಿರಿ, ಮುಚ್ಚಿಡದೆ ಹೇಳಿ.

ನಿಯಮ ಆರು: 'ನನ್ನ ಸ್ನೇಹಿತರದು' ಅನ್ನಬೇಡಿ. ಈ ಬಳಗಕ್ಕೆ ಇದುವರೆಗೆ ಅಂಥ ಸ್ನೇಹಿತ ಒಬ್ಬನೂ ಸಿಕ್ಕಿಲ್ಲ.

ನಿಯಮ ಎಂಟು: ರಿಪೇರಿಯಾದ ಮೇಲೆ ಏನಾಗಿತ್ತೆಂದು ನಿಜ ಬರೆಯಿರಿ. ಮುಂದೆ ಅದೇ ತಪ್ಪು ಮಾಡುವವನಿಗೆ ನಿಮ್ಮ ಬರಹವೇ ದಾರಿ.

ಸೇರುವ ಅರ್ಜಿಯಲ್ಲಿ 'ರೇಡಿಯೋ ಅನುಭವ' ಅಂತ ಒಂದು ಖಾನೆ ಇತ್ತು. ಬುದ್ಧಿ ಬಂದಾಗಿನಿಂದ ರೇಡಿಯೋ ಕೇಳುತ್ತಿದ್ದಾನಲ್ಲ. 'ಮೂವತ್ತೈದು ವರ್ಷ' ಅಂತ ತುಂಬಿದ. ಆಮೇಲೆ ತನ್ನ ಮೊದಲ ಪತ್ರ ಬರೆದ. ಶೀರ್ಷಿಕೆ: 'ಅರ್ಜೆಂಟ್!!! ಅರ್ಜೆಂಟ್!!! ದಯಮಾಡಿ ನೋಡಿ!!!' ಕೆಳಗೆ ರಜಾ ಅರ್ಜಿಯ ಧಾಟಿಯಲ್ಲಿ: 'ಮಾನ್ಯರೇ, ನಾನು ಕ್ಷೇಮ, ತಾವೆಲ್ಲರೂ ಕ್ಷೇಮವೆಂದು ನಂಬಿದ್ದೇನೆ. ತಿಂಡಿಯಾಯಿತೆಂದು ಭಾವಿಸುತ್ತೇನೆ. ವಿಷಯವೇನೆಂದರೆ ನನ್ನ ಸ್ನೇಹಿತರೊಬ್ಬರ ರೇಡಿಯೋ ಮಾತಾಡುತ್ತಿಲ್ಲ. ತಾವು ಕೂಡಲೇ ಕ್ರಮ ಕೈಗೊಳ್ಳಬೇಕಾಗಿ ಪ್ರಾರ್ಥನೆ.'

ಬಳಗದ ಯಜಮಾನರು ಜಿಯಾವುಲ್ಲಾ ಅನ್ನುವವರು. ಆರ್.ಟಿ. ನಗರದಲ್ಲಿ ಮೂವತ್ತು ವರ್ಷ ರೇಡಿಯೋ ರಿಪೇರಿ ಅಂಗಡಿ ಇಟ್ಟು, ಈಗ ಬಾಗಿಲು ಹಾಕಿ ಮನೆಯಲ್ಲಿದ್ದವರು. ಮಾತು ಬೆಸುಗೆ ಹಾಕಿದಷ್ಟೇ, ಒಂದೊಂದು ತೊಟ್ಟು. ಅವರ ಉತ್ತರ ಬಂತು: 'ಅರ್ಜೆಂಟ್ ಅನ್ನುವುದು ರೇಡಿಯೋದ ಕಾಯಿಲೆಯಲ್ಲ. ಮಾಡೆಲ್ ಯಾವುದು? ಫೋಟೋ ಎಲ್ಲಿ? ಕೊನೆಗೆ ಏನು ಮಾಡಿದಿರಿ? ಸ್ನೇಹಿತರು ಯಾರು?'

ಮೊದಲ ಎರಡು ಪ್ರಶ್ನೆಗೆ ಉತ್ತರ ಕೊಡಬಹುದಿತ್ತು. ಮೂರನೆಯದು ಹುಣಸೇಹಣ್ಣಿನ ಹತ್ತಿರ ಕರೆದುಕೊಂಡು ಹೋಗುತ್ತಿತ್ತು. ಮೂವತ್ತೈದು ವರ್ಷದ ಅನುಭವ ಅಂತ ಬರೆದವನು, ವಾಲ್ವು ತೊಳೆದೆ ಅಂತ ಹೇಗೆ ಬರೆದಾನು? ನಾಗಭೂಷಣ ಹತ್ತು ನಿಮಿಷ ಯೋಚಿಸಿದ. ಅವನ ತಲೆಯೊಳಗೊಂದು ವಾಲ್ವು ಕೆಂಪಗೆ ಉರಿಯಿತು. ಹಳೆಯ ಪತ್ರ ಅಳಿಸಿ ಹೊಸದು ಬರೆದ:

'ಬಳಗದ ಪಂಡಿತರಿಗೆ ಒಂದು ಸವಾಲು! ಒಂದು ರೇಡಿಯೋದ ಐದು ವಾಲ್ವುಗಳ ಮೇಲಿನ ನಂಬರು ಅಳಿಸಿಹೋಗಿದೆ ಎಂದಿಟ್ಟುಕೊಳ್ಳಿ. ಯಾವುದು ಎಲ್ಲಿಯದು ಎಂದು ಹೇಗೆ ಕಂಡುಹಿಡಿಯುವಿರಿ? ಉತ್ತರ ನನಗೆ ಗೊತ್ತಿದೆ. ನಿಮಗೆ ಗೊತ್ತಿದೆಯೇ ನೋಡೋಣ. ಗಡುವು: ಮುಂದಿನ ಶನಿವಾರ.'

ಸ್ವಾಮಿ, ಸಹಾಯ ಕೇಳುವುದಕ್ಕೆ ಇಷ್ಟು ದೊಡ್ಡ ಗತ್ತು ಯಾವ ರಾಜನೂ ತೋರಿಸಿರಲಾರ.

ಬಳಗ ಕುದಿಯತೊಡಗಿತು. ಒಬ್ಬ ಮೂಸಿ ನೋಡಬೇಕು ಅಂದ. ಇನ್ನೊಬ್ಬ ತಕ್ಕಡಿಯಲ್ಲಿ ತೂಗಬೇಕು ಅಂದ. ಮೂರನೆಯವನು ಒಂದು ಪುಟ ಇಂಗ್ಲಿಷ್ ಹಾಕಿ, ಅದು ತನಗೂ ಅರ್ಥವಾಗಿಲ್ಲ ಅಂತ ಕೊನೆಗೆ ಒಪ್ಪಿಕೊಂಡ. ಯಾರು ಏನು ಹೇಳಿದರೂ ನಾಗಭೂಷಣನ ಉತ್ತರ ಒಂದೇ: 'ಹತ್ತಿರ ಬಂದಿದ್ದೀರಿ. ಇನ್ನಷ್ಟು ವಿವರಿಸಿ.' ಪಾಪ, ಅವನಿಗೆ ಬೇಕಾಗಿದ್ದದ್ದೇ ವಿವರ. ಅವರಿಗೆ ಕಂಡದ್ದು ಗುರುವಿನ ಗಾಂಭೀರ್ಯ. ಸೋಮವಾರದ ಹೊತ್ತಿಗೆ 'ಭೂಷಣ್ ಸಾರ್' ಇದ್ದದ್ದು ಮಂಗಳವಾರ 'ಗುರುಗಳು' ಆಯಿತು.

ಜಿಯಾವುಲ್ಲಾ ಮಾತ್ರ ದಿನಕ್ಕೊಂದು ಸಲ ಬಂದು 'ಫೋಟೋ?' ಅಂತ ಕೇಳಿ ಹೋಗುತ್ತಿದ್ದರು.

ಬುಧವಾರ ನಾಗಭೂಷಣ ತಡೆಯಲಾರದೆ ಫೋಟೋ ತೆಗೆಸಿಕೊಂಡ. ಮದುವೆಯ ಸೂಟು ಹಾಕಿದ, ಗುಂಡಿ ಹಾಕಿಕೊಳ್ಳಲಿಲ್ಲ ಅಂದರೆ ಹಾಕಲಾಗಲಿಲ್ಲ ಅಂತ ಅರ್ಥ. ಕುರ್ಚಿಯಲ್ಲಿ ಕೂತು ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದ.

"ರೇಡಿಯೋ ಹಿಂದೆ ಮರೆ ಆಗ್ತಿದೆ ಕಣ್ರೀ" ಅಂದಳು ಕ್ಯಾಮೆರಾ ಹಿಡಿದ ರಾಧಾಮಣಿ.

"ಆಗ್ಲಿ ಬಿಡೇ. ಖಾಲಿ ಹೊಟ್ಟೆ ತೋರ್ಸಕ್ಕಾಗುತ್ತಾ?"

ಚಿತ್ರದಲ್ಲಿ ನಾಗಭೂಷಣನ ಭುಜದ ಹಿಂದೆ ರೇಡಿಯೋ ಬೆಂಕಿಪೊಟ್ಟಣದಷ್ಟು ಕಾಣುತ್ತಿತ್ತು. ಶಿಷ್ಯರು ಧನ್ಯರಾದರು. ಜಿಯಾವುಲ್ಲಾ ಬರೆದರು: 'ರೇಡಿಯೋ ಫೋಟೋ ಕೇಳಿದ್ದೆ.'

ಶಿಷ್ಯರಲ್ಲಿ ಮಹಾಶಿಷ್ಯ ಅಂದರೆ ಯಶವಂತಪುರದ ಶಿವಶರಣಪ್ಪ. ಕಲಬುರ್ಗಿ ಕಡೆಯವರು, ಬೇಳೆ ವ್ಯಾಪಾರ, ಮಾತಿನಲ್ಲಿ ಮೋಸವಿಲ್ಲ, ನಿಲ್ದಾಣವೂ ಇಲ್ಲ. ಗುರುಗಳ ವಿಳಾಸವನ್ನು ಹೇಗೋ ಪತ್ತೆಹಚ್ಚಿ ಬಳಗದಲ್ಲಿ ಪ್ರಕಟಿಸಿಬಿಟ್ಟರು: 'ಶನಿವಾರ ಗಡುವು ಮುಗೀತದ. ಗುರುಗಳು ಉತ್ತರ ಹೇಳೋದನ್ನ ಎದುರಾ ಎದುರ ಕೇಳೋಣ ಬರ್ರಿ. ಕೆಟ್ಟ ರೇಡಿಯೋ ಇದ್ದವರು ತಗೊಂಡ ಬರ್ರಿ.'

ನಾಗಭೂಷಣ ಅದನ್ನು ಓದಿದ್ದು ಶನಿವಾರ ಬೆಳಗ್ಗೆ ಹತ್ತಕ್ಕೆ. ಬಾಗಿಲ ಗಂಟೆ ಹೊಡೆದದ್ದು ಹತ್ತೂ ಐದಕ್ಕೆ. ಟೈಂ ಕೀಪರ್ ಆದ್ದರಿಂದ ಸಮಯದಲ್ಲಿ ತಪ್ಪಿಲ್ಲ.

"ನಮಸ್ಕಾರ್ರೀ ಗುರುಗಳೇ!" ಶಿವಶರಣಪ್ಪ ಬಾಗಿಲಲ್ಲೇ ಅಡ್ಡಬೀಳಲು ಹೋದರು, ಕಂಕುಳಲ್ಲಿದ್ದ ರೇಡಿಯೋ ಬಿಡಲಿಲ್ಲ. "ನಿಮ್ಮ ಪ್ರಶ್ನಿ ಓದಿದಾಗಿಂದ ನನಗ ಊಟ ಸೇರವಲ್ದು ನೋಡ್ರಿ. ನಾಲ್ಕು ದಿನದಾಗ ಎರಡು ಕೇಜಿ ಇಳದೀನಿ. ಮನಿಯಾಕಿ ನಿಮಗ ಭಾಳ ಥ್ಯಾಂಕ್ಸ್ ಹೇಳ್ಯಾಳ್ರಿ!"

ಅವರ ಹಿಂದೆ ಇನ್ನೊಬ್ಬರು, ಅವರ ಹಿಂದೆ ಇನ್ನಿಬ್ಬರು. ಹನ್ನೊಂದು ಗಂಟೆಗೆ ಮನೆಯ ಮುಂದೆ ಇನ್ನೂರು ಮುನ್ನೂರು ಜನ ರೇಡಿಯೋ ಹೊತ್ತುಕೊಂಡು ಸಾಲು ನಿಂತಿದ್ದರು. ಸಾಲು ಕೊಡಿಗೇಹಳ್ಳಿ ಗೇಟಿಗೆ ಮುಟ್ಟಿತ್ತು. ಪೊಲೀಸರು ಬಂದು ಬಸ್ಸುಗಳನ್ನು ಬೇರೆ ದಾರಿಗೆ ತಿರುಗಿಸಿದರು.

ಎದುರು ಮನೆಯ ಲಕ್ಷ್ಮಿದೇವಮ್ಮ ಕನ್ನಡಕ ಏರಿಸಿಕೊಂಡು ಬಂದರು. ನಿವೃತ್ತ ಹೆಡ್‌ಮಿಸ್, ಈಗ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದ ಕಾರ್ಯದರ್ಶಿ. ಕೈಯಲ್ಲಿ ಸಂಘದ ಲೆಟರ್‌ಹೆಡ್ಡು ಇಲ್ಲದೆ ಅವರು ಕೊತ್ತಂಬರಿ ಸೊಪ್ಪು ತರಲೂ ಹೋದವರಲ್ಲ.

"ಮಿಸ್ಟರ್ ನಾಗಭೂಷಣ, ವಸತಿ ಪ್ರದೇಶದಲ್ಲಿ ಗುಜರಿ ಅಂಗಡಿ ತೆಗೆಯೋಕೆ ಯಾರನ್ನ ಕೇಳಿದ್ರಿ?"

"ಅಂಗಡಿ ಅಲ್ಲ ಮಿಸ್, ಇದು... ವಿಚಾರ ಸಂಕಿರಣ."

"ಗುರುಗಳು ಇವತ್ತ ಉತ್ತರ ಹೇಳಾವ್ರಿದ್ದಾರ್ರಿ ಅಮ್ಮಾರ" ಅಂದರು ಶಿವಶರಣಪ್ಪ.

"ಯಾವ ಪ್ರಶ್ನೆಗೆ?"

"ಭಾಳ ಗಹನ ಪ್ರಶ್ನಿರಿ ಅದು."

"ಹಾಗಾದರೆ ನಾನೂ ಕೇಳ್ತೀನಿ. ಉತ್ತರ ಸರಿ ಇಲ್ಲ ಅಂದ್ರೆ ಈ ನೋಟೀಸ್." ಲಕ್ಷ್ಮಿದೇವಮ್ಮ ಒಳಗೆ ಬಂದು ಇದ್ದ ಒಂದೇ ಸೋಫಾದ ನಡುವೆ ಕೂತರು. ಅವರಿಗೆ ಕಾಫಿ ಕೊಟ್ಟ ರಾಧಾಮಣಿ ಗಂಡನ ಕಿವಿಯ ಹತ್ತಿರ ಬಂದು, "ಈಗ್ಲಾದ್ರೂ ಬಾಯ್ಬಿಟ್ಟು ಕೇಳಿ. ನಾಳೆ ಬೆಳಗ್ಗೆ ನಮ್ಮಮ್ಮ ಕಾಯ್ತಿರ್ತಾರೆ" ಅಂದಳು.

"ಹೆಂಗೇ ಕೇಳಲಿ? ಎಲ್ಲರೂ ನನ್ನ ಕೇಳಕ್ಕೆ ಬಂದಿದಾರೆ!"

ಆಗ ಬಾಗಿಲಲ್ಲಿ ಬಿಳಿ ಗಡ್ಡದ, ತೆಳ್ಳಗಿನ ಒಬ್ಬರು ಚರ್ಮದ ಹಳೇ ಚೀಲ ಹಿಡಿದು ನಿಂತಿದ್ದರು. ಚಪ್ಪಲಿಯನ್ನು ಗೋಡೆಗೆ ಸಮನಾಗಿ ಜೋಡಿಸಿ ಬಿಟ್ಟು ಒಳಗೆ ಬಂದರು.

"ನಾನು ಜಿಯಾವುಲ್ಲಾ. ಫೋಟೋ ಬರಲಿಲ್ಲ. ಅದಕ್ಕೆ ನಾನೇ ಬಂದೆ."

ಅವರು ನೇರವಾಗಿ ಮೂಲೆಯಲ್ಲಿದ್ದ ರೇಡಿಯೋದ ಹಿಂದೆ ಹೋಗಿ ಬಗ್ಗಿ ನೋಡಿದರು. ಐದು ಖಾಲಿ ತೂತುಗಳು ಅವರನ್ನು ನೋಡಿದವು.

"ಭೂಷಣ್ ಸಾಹೇಬ್ರೆ, ಯಾರದು ರೇಡಿಯೋ?"

"ಸ್ನೇಹಿತರೊಬ್ಬರದು."

"ಅವರೆಲ್ಲಿ?"

"ಅವನು... ಟೂರ್ ಹೋಗಿದಾನೆ. ಕಾಶಿಗೆ."

ನಾಗಭೂಷಣನ ಬಾಯಿಂದ ಕಾಶಿ ಅನ್ನುವ ಮಾತು ಪೂರ್ತಿ ಹೊರಬಂದಿರಲಿಲ್ಲ, ಮನೆಯ ಮುಂದೆ ಗೂಡ್ಸ್ ಆಟೋ ನಿಂತ ಸದ್ದಾಯಿತು. ಪಂಚೆ ಎತ್ತಿ ಕಟ್ಟಿಕೊಂಡು ಚಿಕ್ಕಮುನಿಯಪ್ಪ ಇಳಿದರು. ಹಿಂದೆ ಹೊಸ ಸೀರೆ ಉಟ್ಟ ಮುನಿಗಂಗಮ್ಮ, ಕಂಕುಳಲ್ಲಿ ಎರಡು ದಿಂಬು.

"ಅಳಿಯಂದ್ರೆ! ನಾಳೀಕ್ ಬದ್ಲು ಇವತ್ತೇ ಬಂದ್ಬುಟ್ವು. ಇವಳು ಬೆಳಗಿಂದ ಒಂದೇ ಸಮ್ನೆ ಒಳಗೂ ಒರಗೂ ಓಡಾಡ್ತಾವ್ಳೆ. ಎಲ್ಲಿ, ನಮ್ ರೇಡಿಯೋ ಆಯ್ತಾ?"

ಜಿಯಾವುಲ್ಲಾ ಅವರನ್ನು ಮೇಲಿಂದ ಕೆಳಗೆ ನೋಡಿ, "ಕಾಶಿ ಪ್ರಯಾಣ ಚೆನ್ನಾಗಿತ್ತಾ?" ಅಂದರು.

"ಯಾವ ಕಾಸಿ? ನಾನು ದೊಡ್ಬಳ್ಳಾಪುರ ದಾಟಿ ಎಲ್ಡು ವರ್ಸ ಆಯ್ತು."

ಅದೇ ಹೊತ್ತಿಗೆ ರಾಧಾಮಣಿ ದೇವರ ಮನೆಯಿಂದ ಹಿತ್ತಾಳೆ ತಟ್ಟೆ ತಂದು ಟೀಪಾಯಿಯ ಮೇಲೆ ಇಟ್ಟಳು. ಐದು ವಾಲ್ವುಗಳು, ಒಂದೊಂದಕ್ಕೂ ಒಂದೊಂದು ಕುಂಕುಮದ ಬೊಟ್ಟು. ಜಿಯಾವುಲ್ಲಾ ಒಂದನ್ನೆತ್ತಿ ಮೂಗಿನ ಹತ್ತಿರ ಹಿಡಿದರು.

"ಹುಣಸೇಹಣ್ಣು?"

ಈಗ ಬರುವುದು ಕಥೆಯ ಮುಖ್ಯ ಭಾಗ, ಗಮನವಿಟ್ಟು ಕೇಳಿ. ಬೇರೆ ಯಾರಾಗಿದ್ದರೂ ಅಲ್ಲಿ ಕುಸಿದು ಕೂರುತ್ತಿದ್ದರು. ನಾಗಭೂಷಣ ಮುಗುಳ್ನಕ್ಕ. "ಇದೇ ನನ್ನ ಸವಾಲು" ಅಂದ. ಕಣ್ಣು ಮುಚ್ಚಿದ. ಐದು ವಾಲ್ವುಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಹಿಡಿದು, "ಎಲ್ಲಿಯವನಪ್ಪಾ ನೀನು?" ಅಂತ ಪ್ರೀತಿಯಿಂದ ಕೇಳಿದ. ಅವು ಹೇಳಿದವು. ಕಣ್ಣು ಮುಚ್ಚಿಕೊಂಡೇ ಐದನ್ನೂ ಐದು ತೂತಿಗೆ ಕೂರಿಸಿ ಸ್ವಿಚ್ ಹಾಕಿದ. ರೇಡಿಯೋ ಎಂಥಾ ಸ್ಫುಟವಾಗಿ ಹಾಡಿತೆಂದರೆ ಲಕ್ಷ್ಮಿದೇವಮ್ಮ ನೋಟೀಸನ್ನು ನಾಲ್ಕು ಚೂರು ಮಾಡಿದರು, ಶಿವಶರಣಪ್ಪ ಮೂರ್ಛೆ ಹೋದರು, ಜಿಯಾವುಲ್ಲಾ ಸಾಹೇಬರು ತಮ್ಮ ಸ್ಕ್ರೂಡ್ರೈವರನ್ನು ಅವನ ಪಾದದ ಬಳಿ ಇಟ್ಟು, "ಇನ್ನು ಈ ಬಳಗ ನಿಮ್ಮದು" ಅಂದರು. ಮೇಲೆ ಹೋಗುತ್ತಿದ್ದ ವಿಮಾನ ರೆಕ್ಕೆ ಅಲ್ಲಾಡಿಸಿ ಮುಂದೆ ಹೋಯಿತು.

ಇಷ್ಟನ್ನು ಬರೆದು ಮುಗಿಸಿ, ನಿಯಮ ಎಂಟರ ಪ್ರಕಾರ ನಾನು ಇದನ್ನು ಹಳೇ ರೇಡಿಯೋ ಬಳಗಕ್ಕೆ ಕಳಿಸಿದೆ. ಹನ್ನೊಂದು ನಿಮಿಷದಲ್ಲಿ ವಾಪಸ್ ಬಂತು. ಕೆಳಗೆ ಜಿಯಾವುಲ್ಲಾ ಸಾಹೇಬರ ಷರಾ ಇತ್ತು:

'ಕಥೆ ಚೆನ್ನಾಗಿದೆ. ನಾಗಭೂಷಣ ಯಾರು? ನಿಮ್ಮ ಸ್ನೇಹಿತರಾ? ನಿಯಮ ಆರು ನೋಡಿ. ಶನಿವಾರ ನಾನೂ ಆ ಮನೆಯಲ್ಲಿದ್ದೆ. ತಿದ್ದಿ ಕಳಿಸಿ.'

ಸರಿ. ತಿದ್ದುತ್ತೇನೆ.

ನಾಗಭೂಷಣ ಅಂದರೆ ನಾನೇ. ರೇಡಿಯೋ ನಮ್ಮ ಮಾವನದು. ಸ್ನೇಹಿತ ಯಾರೂ ಇಲ್ಲ. ಸಾಲಿನಲ್ಲಿ ನಿಂತಿದ್ದವರು ಇನ್ನೂರಲ್ಲ, ಶಿವಶರಣಪ್ಪನವರೂ ಸೇರಿ ನಾಲ್ಕು ಜನ. ಅವರಲ್ಲಿ ಒಬ್ಬರು ಅಡ್ರೆಸ್ ಕೇಳಲು ಬಂದವರು, ಕಾಫಿ ವಾಸನೆಗೆ ನಿಂತರು. ಪೊಲೀಸರು ಬರಲಿಲ್ಲ. ಪೈಲಟ್ಟುಗಳ ಪರಿಚಯ ನನಗಿಲ್ಲ.

ಅವರು "ಹುಣಸೇಹಣ್ಣು?" ಅಂದಾಗ ನಾನು ನಗಲಿಲ್ಲ. ಜಿಯಾವುಲ್ಲಾ ಸಾಹೇಬರು ಬೈಯಲಿಲ್ಲ, ಒಂದು ಕುರ್ಚಿ ಎಳೆದುಕೊಂಡು ಕೂತರು. "ಸರಿಯಾಗಿ ಕೇಳಿ ಸಾಹೇಬ್ರೆ. ಯಾರದು, ಏನಾಗಿತ್ತು, ಏನು ಮಾಡಿದ್ರಿ, ಏನು ಬೇಕು. ನಾಲ್ಕೇ ಮಾತು. ಕೇಳದೆ ಇದ್ದೋನಿಗೆ ನಾನು ಹೇಗೆ ಹೇಳಲಿ?" ಅಂದರು.

ನಾನು ಮಾವನ ಮುಖ ನೋಡಲಿಲ್ಲ. ಅತ್ತೆಯ ಮಡಿಲಲ್ಲಿದ್ದ ದಿಂಬು ನೋಡಿಕೊಂಡು ಹೇಳಿದೆ. "ರೇಡಿಯೋ ನಮ್ ಮಾವಂದು. ಚೆನ್ನಾಗೇ ಇತ್ತು, ಸ್ವಲ್ಪ ಚಟಪಟ ಅಂತಿತ್ತು ಅಷ್ಟೇ. ನಾನು ವಾಲ್ವು ಕಿತ್ತು, ಹುಣಸೇಹಣ್ಣು ಹಾಕಿ ತಿಕ್ಕಿ ನಂಬರು ಅಳಿಸಿದೆ. ನನಗೆ ರೇಡಿಯೋ ವಿದ್ಯೆ ಒಂದಕ್ಷರ ಬರಲ್ಲ. ನಾಳೆ ಒಂಬತ್ತೂವರೆಗೆ ನಮ್ಮ ಅತ್ತೆ ಹಾಡು ಬರುತ್ತೆ. ಅವರು ಅದನ್ನ ಒಂದು ಸಲನೂ ಕೇಳಿಲ್ಲ. ದಯವಿಟ್ಟು ಸರಿ ಮಾಡ್ಕೊಡಿ."

ಮಾವ ಪಂಚೆ ಇಳಿಬಿಟ್ಟು ಮತ್ತೆ ಬಿಗಿಯಾಗಿ ಎತ್ತಿ ಕಟ್ಟಿದರು. ಅದು ಒಳ್ಳೆಯ ಸೂಚನೆಯಲ್ಲ. ಅಷ್ಟರಲ್ಲಿ ಅತ್ತೆಯೇ, "ಓಗ್ಲಿ ಬುಡಿ, ದೇವ್ರ ಸಾಮಾನ್ ಜತೇಲೇ ತಾನೆ ತೊಳ್ದಿರಾದು. ನನ್ ದನೀಗೇನು ಮೈಲಿಗೆ ಆಗಾಕಿಲ್ಲ" ಅಂದರು.

ಶಿವಶರಣಪ್ಪನವರು ಮೂರ್ಛೆ ಹೋಗಲಿಲ್ಲ. "ಅಂದ್ರ ಉತ್ತರ ನಿಮಗೂ ಗೊತ್ತಿಲ್ಲೇನ್ರಿ? ಎರಡು ಕೇಜಿ ಸುಮ್ನ ಇಳದ್ನಲ್ಲೋ ಮಾರಾಯಾ!" ಅಂತ ಕೂಗಿ, ಆಮೇಲೆ ಟಾರ್ಚ್ ಹಿಡಿಯಲು ಮೊದಲು ಬಂದವರೂ ಅವರೇ.

ಉತ್ತರ ಇಷ್ಟೇ ಸ್ವಾಮಿ. ವಾಲ್ವಿನ ಮೇಲಿನ ನಂಬರು ಹೋದರೂ ಒಳಗಿನ ತಗಡು, ತಂತಿ, ಜಾಲರಿ ಒಂದೊಂದರಲ್ಲಿ ಒಂದೊಂದು ಥರ. ಜಿಯಾವುಲ್ಲಾ ಸಾಹೇಬರು ಕಿಟಕಿಯ ಬೆಳಕಿಗೆ ಹಿಡಿದು, ತಮ್ಮ ಚೀಲದ ಹಳೇ ಪುಸ್ತಕದ ಚಿತ್ರ ನೋಡಿ, ಇಪ್ಪತ್ತು ನಿಮಿಷದಲ್ಲಿ ಐದನ್ನೂ ಗುರುತು ಹಿಡಿದರು. ಒಂದು ಒಳ್ಳೆಯ ಫೋಟೋ ಹಾಕಿದ್ದರೆ ಹೋದ ಶನಿವಾರವೇ ಹೇಳುತ್ತಿದ್ದರಂತೆ. ಚಟಪಟ ಸದ್ದು ವಾಲ್ವಿನದೇ ಅಲ್ಲ. ಒಂದು ತಂತಿಯ ಬೆಸುಗೆ ಬಿಟ್ಟಿತ್ತು. ಅದನ್ನೂ ಹಾಕಿದರು. ಢಂ ಅನ್ನದ ಹಾಗೆ ನಡುವೆ ನೂರು ವ್ಯಾಟಿನ ಬಲ್ಬು ಜೋಡಿಸಿ ಸ್ವಿಚ್ ಹಾಕಿದವರೂ ಅವರೇ. ಏರಿಯಲ್ ತಂತಿ ಕಟ್ಟಲು ಎತ್ತರದ ಜಾಗ ಬೇಕಾದಾಗ ಲಕ್ಷ್ಮಿದೇವಮ್ಮನವರು ತಮ್ಮ ನುಗ್ಗೇಮರ ಕೊಟ್ಟರು. ನೋಟೀಸ್ ಹರಿಯಲಿಲ್ಲ. ಅದರ ಹಿಂಬದಿಯಲ್ಲಿ ಕಾರ್ಯಕ್ರಮದ ಸಮಯ ಬರೆದುಕೊಂಡು ಹೋದರು.

ಭಾನುವಾರ ಚಿಕ್ಕಜಾಲದ ಪಡಸಾಲೆಯಲ್ಲಿ ಎಲ್ಲರೂ ಇದ್ದರು, ಜಿಯಾವುಲ್ಲಾ ಸಾಹೇಬರೂ. ಒಂಬತ್ತೂ ಮೂವತ್ತಾರಕ್ಕೆ 'ಈಗ ಚಿಕ್ಕಜಾಲದ ಮುನಿಗಂಗಮ್ಮ' ಅಂತ ಬಂತು. ಮೂವತ್ತೇಳಕ್ಕೆ ಕರೆಂಟು ಹೋಯಿತು. ಫ್ಯಾನ್ ನಿಂತಿತು, ಮಾವ ತಲೆ ಮೇಲೆ ಕೈ ಇಟ್ಟುಕೊಂಡರು. ರೇಡಿಯೋ ನಿಲ್ಲಲಿಲ್ಲ. ನಮ್ಮ ಮನೆಯ ಇನ್ವರ್ಟರ್, ಬ್ಯಾಟರಿ ಸಮೇತ, ಅದರ ಹಿಂದೆ ಕೂತಿತ್ತು.

ಪೆಟ್ಟಿಗೆಯೊಳಗಿಂದ ಒಂದು ಎಳೆಯ ದನಿ ಸೋಬಾನೆ ಶುರು ಮಾಡಿತು. ಅತ್ತೆ ಕಣ್ಣರಳಿಸಿ ಕೇಳಿದರು. ಒಂದು ನುಡಿ ಮುಗಿಯಿತು. ಎರಡನೆಯ ನುಡಿಗೆ ಅತ್ತೆ ತಾವೂ ಶುರು ಮಾಡಿದರು. ಎಷ್ಟು ಜೋರಾಗಿ ಅಂದರೆ ರೇಡಿಯೋ ಯಾರಿಗೂ ಕೇಳಿಸಲಿಲ್ಲ.

"ಸುಮ್ಕಿರಮ್ಮಿ, ಕೇಳಿಸ್ಕೊಳಾದು ಬ್ಯಾಡ್ವಾ?" ಅಂದರು ಮಾವ.

"ಅವಳು ಎಲ್ಡ್ನೇ ನುಡೀಲಿ ತಪ್ಪು ಯೋಳ್ತಾವ್ಳೆ! ನಾನ್ ತಿದ್ದಬ್ಯಾಡ್ವಾ?" ಅಂದರು ಅತ್ತೆ.

ಇಷ್ಟೂ ನಿಜ. ಇದರಲ್ಲಿ ನನ್ನ ಪಾಲಿನ ಕೆಲಸ ಒಂದೇ ಒಂದು: ಮತ್ತೆ ಕರೆಂಟು ಹೋಗಬಹುದು ಅಂತ ಮುಂದಾಲೋಚನೆ ಮಾಡಿ ಇನ್ವರ್ಟರ್ ಹೊತ್ತುಕೊಂಡು ಹೋದದ್ದು. ಅಷ್ಟು ಮಾತ್ರ ಬಳಗದವರು ನನ್ನ ಹೆಸರಿನಲ್ಲಿ ಬರೆದುಕೊಳ್ಳಬೇಕಾಗಿ ಕೋರುತ್ತೇನೆ.

ಹಿಂದೆ ನಿಂತು ಓದುತ್ತಿರುವ ರಾಧಾಮಣಿ ಕೆಮ್ಮುತ್ತಿದ್ದಾಳೆ.

ಸರಿ. ಹೊತ್ತದ್ದು ನಾನು. ಐಡಿಯಾ ಅವಳದು.